ಕೌನ್ಸಿಲ್ ಎಸ್ಟೇಟಿನ ನಿವಾಸಿಗಳ ನೆನಪುಗಳನ್ನು ದಾಖಲಿಸುವುದು ಹೇಗೆ

ಎಸ್ಟೇಟ್ ಎಂದೊಡನೆ ನಮ್ಮ ಕಡೆಯವರ ಕಣ್ಣಿಗೆ ಬರುವುದು ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟ. ಬ್ರಿಟನ್ನಿನಲ್ಲಿ ಅದೇ ಪದಕ್ಕೆ ಬೇರೊಂದು ಅರ್ಥವಿದೆ. ಅಲ್ಲಿನ ನಗರಾಡಳಿತಗಳು, ಎಂದರೆ ಕೌನ್ಸಿಲ್‌ಗಳು, ದುಡಿಯುವ ಜನರಿಗೆ ಕೈಗೆಟುಕುವ ಬಾಡಿಗೆಗೆ ಕೊಡಲೆಂದು ತಾವೇ ಕಟ್ಟಿಸಿ, ತಾವೇ ನೋಡಿಕೊಂಡು ಬಂದ ಮನೆಗಳ ಬಡಾವಣೆಯನ್ನು ಕೌನ್ಸಿಲ್ ಎಸ್ಟೇಟ್ ಎನ್ನುತ್ತಾರೆ. ಬಾಡಿಗೆದಾರರು ತಾವಿದ್ದ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕನ್ನು 1980ರ ವಸತಿ ಕಾಯ್ದೆ ಕೊಟ್ಟ ಮೇಲೆ ಇಂಥ ಲಕ್ಷಾಂತರ ಮನೆಗಳು ಮಾರಾಟವಾದವು. ಅವುಗಳಲ್ಲಿ ಹಲವು ಈಗ ಖಾಸಗಿ ಮಾಲೀಕರ ಮೂಲಕ ಮತ್ತೆ ಬಾಡಿಗೆಗೆ ಸಿಗುತ್ತವೆ. ಆಸ್ಪತ್ರೆಯ ಕೆಲಸಕ್ಕೋ ಸಾಫ್ಟ್‌ವೇರ್ ಕೆಲಸಕ್ಕೋ ಬಂದ ಕನ್ನಡಿಗರು ಮನೆಯ ಪೂರ್ವಕಥೆ ತಿಳಿಯದೆಯೇ ಅಲ್ಲಿ ಸಂಸಾರ ಹೂಡುವುದುಂಟು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಶೆಫೀಲ್ಡಿನಲ್ಲಿ ನಾನು ಸಂಸಾರ ಹೂಡಿದ್ದೂ ಹಾಗೆಯೇ. ಪಕ್ಕದ ಮನೆಯ ಹಿರಿಯರು ಅರವತ್ತರ ದಶಕದಿಂದ ಎಸ್ಟೇಟಿನಲ್ಲೇ ಬಾಳಿದವರು. ಅವರ ಮಾತು ಕೇಳುತ್ತ ಕೇಳುತ್ತ, ಇದನ್ನೆಲ್ಲ ಯಾರೂ ದಾಖಲಿಸಿಟ್ಟಿಲ್ಲವಲ್ಲ ಎಂಬ ಸಂಕಟ ಹುಟ್ಟಿತು. ನಮ್ಮ ಬಡಾವಣೆಯ ಕೆಲವರು ಸೇರಿ ಧ್ವನಿಮುದ್ರಣ ಆರಂಭಿಸಿದ್ದು ಆ ಸಂಕಟದಿಂದ.

ಈ ಕೆಲಸ ಮಾಡಬಯಸುವವರಿಗೆ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಎಸ್ಟೇಟುಗಳ ಬಗ್ಗೆ ನೂರು ವರ್ಷಗಳಿಂದ ತೀರ್ಪು ಕೊಡುತ್ತ ಬಂದವರು ಬಹುಪಾಲು ಹೊರಗಿನವರು: ವಾಸ್ತುಶಿಲ್ಪಿಗಳು, ಪತ್ರಕರ್ತರು, ಮಂತ್ರಿಗಳು. ಆ ತೀರ್ಪುಗಳು ನಿವಾಸಿಗಳ ಕಿವಿಗೂ ಬಿದ್ದಿವೆ. ಆದ್ದರಿಂದ ನೇರವಾಗಿ ಅಭಿಪ್ರಾಯ ಕೇಳಿದರೆ ಪತ್ರಿಕೆಯಲ್ಲಿ ಓದಿದ ಮಾತೇ ಅವರ ಬಾಯಿಂದ ಹೊರಳಿ ಬರುತ್ತದೆ. ಮೊದಲು ವಸ್ತುವಿನ ಬಗ್ಗೆ ಕೇಳಬೇಕು, ಆಮೇಲೆ ದಿನಚರಿಯ ಬಗ್ಗೆ. ಅಭಿಪ್ರಾಯ ಎಲ್ಲಕ್ಕಿಂತ ಕೊನೆಗೆ ಬರಬೇಕು. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಮುದ್ರಣ ಸಪ್ಪೆಯಾಗುತ್ತದೆ.

ಹೋಗುವ ಮುನ್ನ

ಒಬ್ಬರ ಮನೆಯ ಕದ ತಟ್ಟುವ ಮೊದಲು ಆ ಎಸ್ಟೇಟು ಯಾವಾಗ, ಯಾವ ಕಾಯ್ದೆಯ ಬಲದಿಂದ, ಯಾರನ್ನು ಎಲ್ಲಿಂದ ಎಬ್ಬಿಸಿ ಕಟ್ಟಿದ್ದು ಎಂಬುದನ್ನು ಓದಿಕೊಂಡು ಹೋಗಬೇಕು. ಪಾಂಡಿತ್ಯ ತೋರಿಸಲಿಕ್ಕಲ್ಲ, ಅವರು ಅರ್ಧಕ್ಕೆ ನಿಲ್ಲಿಸಿದ ಮಾತು ನಿಮಗೆ ಅರ್ಥವಾಗಲೆಂದು. ಲಂಡನ್ನಿನ ಬೌಂಡರಿ ಎಸ್ಟೇಟನ್ನು ಓಲ್ಡ್ ನಿಕಲ್ ಎಂಬ ಕೊಳೆಗೇರಿಯನ್ನು ಕೆಡವಿ ಕಟ್ಟಲಾಯಿತು. ಅದು 1900ರಲ್ಲಿ ಉದ್ಘಾಟನೆಯಾದಾಗ ಹೊಸ ಮನೆಗಳಿಗೆ ಬಂದವರಲ್ಲಿ ಹಳೆಯ ಕೇರಿಯವರು ಬೆರಳೆಣಿಕೆಯಷ್ಟೇ ಇದ್ದರು, ಏಕೆಂದರೆ ಆ ಬಾಡಿಗೆ ಅವರ ಕೈಗೆಟುಕುವಂತಿರಲಿಲ್ಲ. ಮೊದಲ ಮಹಾಯುದ್ಧದ ನಂತರ, 1919ರ ಕಾಯ್ದೆಯಿಂದ, ಮನೆ ಕಟ್ಟಿಸುವುದು ಕೌನ್ಸಿಲ್‌ಗಳ ಕರ್ತವ್ಯವೇ ಆಯಿತು. ಡ್ಯಾಗೆನ್‌ಹ್ಯಾಮ್ ಬಳಿಯ ಬೆಕನ್‌ಟ್ರೀ ಎಸ್ಟೇಟು 1921ರಿಂದ 1935ರವರೆಗೆ ಬೆಳೆದು ಸುಮಾರು 26,000 ಮನೆಗಳ ಊರೇ ಆಗಿಹೋಯಿತು. ಅಲ್ಲಿ ಬಾಡಿಗೆದಾರರಿಗೆ ನಿಯಮಗಳ ಪುಸ್ತಿಕೆ ಕೊಡುತ್ತಿದ್ದರು. ಕಿಟಕಿ ಒರೆಸುವುದು, ಮುಂದಿನ ಬೇಲಿಗಿಡವನ್ನು ಕತ್ತರಿಸಿ ಒಪ್ಪವಾಗಿಡುವುದು, ಮಕ್ಕಳನ್ನು ಅಂಕೆಯಲ್ಲಿಡುವುದು ಎಲ್ಲವೂ ಅದರಲ್ಲಿತ್ತು. ಅಲ್ಲಿ ಬೆಳೆದವರೊಬ್ಬರು ಬೇಲಿಗಿಡದ ಮಾತೆತ್ತಿದರೆ ಅದು ತೋಟಗಾರಿಕೆಯ ಮಾತಲ್ಲ, ಮನೆಯ ಮಾಲೀಕ ಕೌನ್ಸಿಲ್ ಎಂಬ ನಿತ್ಯದ ನೆನಪು ಎಂಬುದು ಪುಸ್ತಿಕೆಯನ್ನು ನೋಡಿದವರಿಗೆ ಮಾತ್ರ ಹೊಳೆಯುತ್ತದೆ.

ಹಾಗೆಯೇ ಒಬ್ಬರು ಮನೆಗೆ ಬಂದ ವರ್ಷ ತಿಳಿದರೆ ಅರ್ಧ ಕಥೆ ತಿಳಿದಂತೆ. ಕೌನ್ಸಿಲ್ ಮನೆ ಕಾರ್ಮಿಕ ವರ್ಗಕ್ಕೆ ಮಾತ್ರ ಎಂಬ ಒಕ್ಕಣೆಯನ್ನು 1949ರಲ್ಲಿ, ವಸತಿಯ ಹೊಣೆಯನ್ನೂ ಹೊತ್ತಿದ್ದ ಆಗಿನ ಆರೋಗ್ಯ ಮಂತ್ರಿ ಅನೈರಿನ್ ಬೆವನ್ ಕಾಯ್ದೆಯಿಂದ ತೆಗೆಸಿದರು. ವೈದ್ಯರೂ ಕೂಲಿಯವರೂ ಒಂದೇ ಬೀದಿಯಲ್ಲಿರಬೇಕು ಎಂಬುದು ಅವರ ಆಸೆಯಾಗಿತ್ತು. ಕೋಣೆಯ ಅಳತೆ, ಮನೆ ಬೆಚ್ಚಗಿಡುವ ವ್ಯವಸ್ಥೆ ಕನಿಷ್ಠ ಎಷ್ಟಿರಬೇಕು ಎಂದು ಹೇಳಿದ ಪಾರ್ಕರ್ ಮಾರಿಸ್ ವರದಿ 1961ರಲ್ಲಿ ಬಂತು. ಆ ಮಾನದಂಡ 1969ರಲ್ಲಿ ಕೌನ್ಸಿಲ್ ಮನೆಗಳಿಗೆ ಕಡ್ಡಾಯವಾಗಿ, 1980ರಲ್ಲಿ ರದ್ದಾಯಿತು. ಎಪ್ಪತ್ತರ ದಶಕದಲ್ಲಿ ಮನೆ ಪಡೆದವರು ಇಂದಿನ ಹೊಸ ಫ್ಲಾಟುಗಳನ್ನು ನೋಡಿ ಇದೂ ಒಂದು ಕೋಣೆಯೇ ಎಂದರೆ ಅದು ಮುಪ್ಪಿನ ಗೊಣಗಾಟವಲ್ಲ, ಅಳತೆಯಿಂದ ಹೇಳಿದ ಮಾತು. ಇನ್ನು 1968ರ ಮೇ 16ರಂದು ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಗೋಪುರದಲ್ಲಿ, 18ನೆಯ ಅಂತಸ್ತಿನಲ್ಲಿ ಗ್ಯಾಸ್ ಸ್ಫೋಟಿಸಿ ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಕುಸಿದು ನಾಲ್ವರು ಸತ್ತರು. ಕಾರ್ಖಾನೆಯಲ್ಲಿ ಎರಕ ಹೊಯ್ದ ಗೋಡೆಗಳನ್ನು ಜೋಡಿಸಿ ಕಟ್ಟಿದ ಅಂಥ ಅನೇಕ ಗೋಪುರಗಳಿಂದ ಆಮೇಲೆ ಗ್ಯಾಸ್ ಸಂಪರ್ಕವನ್ನೇ ಕಿತ್ತರು. ಹಾಗಾಗಿ ಆ ಕಾಲದಲ್ಲಿ ಗೋಪುರದಲ್ಲಿದ್ದವರು ಒಲೆ ಬದಲಾದದ್ದನ್ನು ಹೇಳಿ ಅಲ್ಲಿಗೇ ಸುಮ್ಮನಾದರೆ, ಆ ಒಲೆಯ ಹಿಂದೆ ಒಂದು ಭಯವಿದೆಯೆಂದು ಕೇಳುವವರಿಗೆ ಗೊತ್ತಿರಬೇಕು.

ಇವೆಲ್ಲ ಸಿಗುವುದು ಆ ಊರಿನ ಪತ್ರಾಗಾರದಲ್ಲಿ, ಎಂದರೆ ಹಳೆಯ ದಾಖಲೆಗಳನ್ನು ಕಾಪಿಡುವ ಕಡೆ. ಬ್ರಿಟನ್ನಿನಲ್ಲಿ ಬಹುತೇಕ ನಗರಗಳಿಗೆ ಅಂಥದೊಂದು ಇದೆ: ಶೆಫೀಲ್ಡಿಗೆ ನಗರದ ಪತ್ರಾಗಾರ, ಡ್ಯಾಗೆನ್‌ಹ್ಯಾಮಿಗೆ ವ್ಯಾಲೆನ್ಸ್ ಹೌಸ್ ವಸ್ತುಸಂಗ್ರಹಾಲಯ. ಗುರುತು ತೋರಿಸಿ ಹೆಸರು ನೋಂದಾಯಿಸಿದರೆ ವಸತಿ ಸಮಿತಿಯ ನಡಾವಳಿಗಳು, ನಕ್ಷೆಗಳು, ಹಳೆಯ ಚಿತ್ರಗಳು, ಸ್ಥಳೀಯ ಪತ್ರಿಕೆಗಳು ನೋಡಲು ಸಿಗುತ್ತವೆ. ಒಂದು ಹಾಳೆಯ ಮೇಲೆ ವರ್ಷವಾರು ಪಟ್ಟಿ, ಇನ್ನೊಂದರ ಮೇಲೆ ಬಡಾವಣೆಯ ನಕ್ಷೆ ಮಾಡಿಕೊಂಡರೆ ಸಾಕು. ಮಾತನಾಡಿಸುವಾಗ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಪಟ್ಟಿಯನ್ನು ಚೀಲದಲ್ಲೇ ಇಟ್ಟುಕೊಳ್ಳಿ.

ಯಾರನ್ನು ಕೇಳಬೇಕು

ನಿವಾಸಿಗಳ ಸಂಘದ ಅಧ್ಯಕ್ಷರನ್ನು ಮೊದಲು ಕಾಣುವುದು ಮರ್ಯಾದೆ. ಅವರಲ್ಲಿಗೇ ನಿಲ್ಲುವುದು ತಪ್ಪು. ಸಂಘದವರು ಹೋರಾಟದ ಕಥೆಯನ್ನು ಚೆನ್ನಾಗಿ ಹೇಳುತ್ತಾರೆ, ಏಕೆಂದರೆ ಅದನ್ನು ಸಭೆಗಳಲ್ಲಿ ನೂರಾರು ಸಲ ಹೇಳಿ ರೂಢಿಯಾಗಿದೆ. ನಮಗೆ ಬೇಕಾದವರು ಒಂದು ಸಲವೂ ಹೇಳದವರು. ಹಳೆಯ ಕೇರ್‌ಟೇಕರ್, ಮೆಟ್ಟಿಲು ತೊಳೆಯುತ್ತಿದ್ದವರು, ಲಿಫ್ಟ್ ರಿಪೇರಿ ಮಾಡುತ್ತಿದ್ದವರು, ಅಲ್ಲೇ ಹುಟ್ಟಿ ಹದಿನೆಂಟಕ್ಕೆ ಬಿಟ್ಟುಹೋದವರು, ಮನೆ ಕೊಂಡು ಮಾರಿ ಹೋದವರು, ಕೊಳ್ಳಲು ಒಪ್ಪದೆ ಉಳಿದವರು, ನಿನ್ನೆ ಮೊನ್ನೆ ಬಂದವರು. ಬಿಟ್ಟುಹೋದವರನ್ನು ಹುಡುಕುವುದು ಕಷ್ಟ, ಆದರೂ ಹುಡುಕಲೇಬೇಕು. ಉಳಿದವರನ್ನಷ್ಟೇ ಕೇಳಿದರೆ ಎಸ್ಟೇಟು ಸ್ವರ್ಗವಾಗುತ್ತದೆ, ಬಿಟ್ಟುಹೋದವರನ್ನಷ್ಟೇ ಕೇಳಿದರೆ ನರಕವಾಗುತ್ತದೆ.

ಮನೆ ಸಿಗದೆ ಹೋದವರನ್ನೂ, ತಡವಾಗಿ ಸಿಕ್ಕವರನ್ನೂ ಮರೆಯಬೇಡಿ. ಕೆರಿಬಿಯನ್‌ನಿಂದ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಬಂದ ಕುಟುಂಬಗಳು ಎಷ್ಟೋ ವರ್ಷ ಕಾಯುವವರ ಪಟ್ಟಿಯಲ್ಲೇ ಇದ್ದವು. ಜನಾಂಗ ಭೇದ ನಿಷೇಧ ವಸತಿಗೂ ಅನ್ವಯಿಸಿದ್ದು 1968ರ ಕಾಯ್ದೆಯಿಂದ ಮಾತ್ರ. 1965ರ ಮೊದಲ ಕಾಯ್ದೆಯಲ್ಲಿ ವಸತಿ ಸೇರಿರಲಿಲ್ಲ. ಕಾಯ್ದೆ ಬಂದ ಮೇಲೂ ಲಂಡನ್ನಿನ ಹ್ಯಾಕ್ನಿಯಲ್ಲಿ ಕಪ್ಪು ಜನರಿಗೆ ಕೀಳು ಗುಣಮಟ್ಟದ ಮನೆಗಳನ್ನು ಹಂಚುತ್ತಿದ್ದರೆಂದು ಜನಾಂಗ ಸಮಾನತೆಯ ಆಯೋಗ 1984ರಲ್ಲಿ ವರದಿ ಕೊಟ್ಟಿತು. ಇಂಥ ಕುಟುಂಬಗಳ ಹಿರಿಯರಿಗೆ ಇಂಗ್ಲಿಷಿನಲ್ಲಿ ಮಾತು ಸರಾಗವಿಲ್ಲದಿದ್ದರೆ ಅವರ ಭಾಷೆಯವರೊಬ್ಬರನ್ನು ಕರೆದುಕೊಂಡು ಹೋಗಿ. ಮಗನನ್ನೋ ಸೊಸೆಯನ್ನೋ ದುಭಾಷಿಯಾಗಿ ಕೂರಿಸಬೇಡಿ. ಮಗನ ಎದುರು ತಾಯಿ ಹೇಳದ ಮಾತು ಬಹಳ ಇರುತ್ತದೆ. ಮೊದಲ ಚಳಿಗಾಲದಲ್ಲಿ ಬಾಗಿಲಿಗೆ ಬಂದು ಯಾರೋ ಏನೋ ಮಾಡಿಹೋದದ್ದನ್ನು ಮಕ್ಕಳಿಂದ ಮುಚ್ಚಿಟ್ಟೇ ಅವರನ್ನು ಬೆಳೆಸಿದ ತಾಯಂದಿರನ್ನು ನಾನು ಕಂಡಿದ್ದೇನೆ.

ಮಾತು ತೆಗೆಯುವ ಬಗೆ

ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ.

ಶೆಫೀಲ್ಡಿನ ರೈಲು ನಿಲ್ದಾಣದ ಹಿಂದಿನ ಗುಡ್ಡದ ಮೇಲೆ ಪಾರ್ಕ್ ಹಿಲ್ ಎಂಬ ಎಸ್ಟೇಟಿದೆ. 1957ರಿಂದ 1961ರವರೆಗೆ ಕಟ್ಟಿದ, 995 ಮನೆಗಳ, ಹಾವಿನಂತೆ ಹೊರಳಿದ ಒಂದೇ ಕಾಂಕ್ರೀಟ್ ಕಟ್ಟಡ. ಜ್ಯಾಕ್ ಲಿನ್ ಮತ್ತು ಐವರ್ ಸ್ಮಿತ್ ಎಂಬ ಇಬ್ಬರು ತರುಣ ವಾಸ್ತುಶಿಲ್ಪಿಗಳು ಅದನ್ನು ರೂಪಿಸಿದರು. ಚಾವಣಿ ಎಲ್ಲೆಡೆ ಒಂದೇ ಮಟ್ಟದಲ್ಲಿದ್ದು ಗುಡ್ಡ ಇಳಿಯುತ್ತ ಹೋದಂತೆ ಅಂತಸ್ತುಗಳು ನಾಲ್ಕರಿಂದ ಹದಿಮೂರಕ್ಕೆ ಏರುತ್ತವೆ. ಮೂರು ಅಂತಸ್ತಿಗೊಂದರಂತೆ ಅಗಲವಾದ ಜಗಲಿಗಳಿವೆ. ಹಾಲಿನ ಗಾಡಿ ಅವುಗಳ ಮೇಲೆ ಓಡಾಡಿ ಮನೆ ಮನೆಗೆ ಹಾಲು ಹಾಕುತ್ತಿತ್ತು. ಆಕಾಶದ ಬೀದಿಗಳು ಎಂದು ಅವಕ್ಕೆ ಹೆಸರಾಯಿತು. ಕೆಡವಿದ ಹಳೆಯ ಬೀದಿಗಳ ಹೆಸರುಗಳನ್ನೇ ಜಗಲಿಗಳಿಗೆ ಇಟ್ಟು, ನೆರೆಹೊರೆಯವರನ್ನು ಆದಷ್ಟು ಒಟ್ಟಿಗೇ ಇರಿಸಲು ನೋಡಿದರು. ಕಟ್ಟಡದ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬಂದಿದೆ, 1998ರಲ್ಲಿ ಸಂರಕ್ಷಿತ ಕಟ್ಟಡವೆಂದು ಘೋಷಣೆಯೂ ಆಗಿದೆ. ನಮ್ಮ ವಠಾರಗಳಲ್ಲಿ ಬೆಳೆದವರಿಗೆ ಆ ಜಗಲಿಯ ಬದುಕನ್ನು ವಿವರಿಸಬೇಕಾಗಿಲ್ಲ: ಹದಿನಾರು ಬಾಗಿಲು, ಒಂದೇ ಓಣಿ, ಒಬ್ಬರ ಮನೆಯ ಒಗ್ಗರಣೆ ಎಲ್ಲರ ಮೂಗಿಗೆ.

ಆ ಕಾಲದಲ್ಲಿ ಅಂಥ ಜಗಲಿಗೆ ಬಂದು ನೆಲೆಸಿದ್ದ ಒಬ್ಬ ಹಿರಿಯ ಮಹಿಳೆಯನ್ನು ನಾನು ಮೊದಲ ಸಲ ಕಂಡಾಗ, ಇಲ್ಲಿನ ಜೀವನ ಹೇಗಿತ್ತು ಎಂದು ಕೇಳಿದೆ. ಚೆನ್ನಾಗಿತ್ತು, ಆಗ ಎಲ್ಲರೂ ಎಲ್ಲರ ಕಷ್ಟಕ್ಕೆ ಆಗುತ್ತಿದ್ದರು, ಆಮೇಲೆ ಹಾಳಾಯಿತು ಎಂದರು. ಅಷ್ಟೇ. ಇನ್ನೂ ಅರ್ಧ ಗಂಟೆ ಕೂತರೂ ಅದೇ ಮಾತು ಬೇರೆ ಬೇರೆ ವಾಕ್ಯಗಳಲ್ಲಿ ಬಂತು. ತಪ್ಪು ನನ್ನದಾಗಿತ್ತು, ಅಷ್ಟು ದೊಡ್ಡ ಪ್ರಶ್ನೆಗೆ ಯಾರಿಂದಲೂ ಅದಕ್ಕಿಂತ ಹೆಚ್ಚಿನ ಉತ್ತರ ಬರಲಾರದು. ಎರಡನೆಯ ಸಲ ಹೋದಾಗ, ಆ ದಿನಗಳ ಯಾವುದಾದರೂ ಒಂದು ವಸ್ತು ಉಳಿದಿದೆಯೇ ಎಂದು ಮಾತ್ರ ಕೇಳಿದೆ. ಅವರು ಬೀರುವಿನಿಂದ ಬಾಡಿಗೆ ಪುಸ್ತಕ ತಂದರು. ಅಂಗೈಯಷ್ಟು ಅಗಲದ, ರಟ್ಟಿನ ಹೊದಿಕೆಯ, ಮೂಲೆ ಸವೆದ ಪುಸ್ತಕ. ವಾರಕ್ಕೊಂದು ಸಾಲು: ದಿನಾಂಕ, ಕೊಟ್ಟ ಹಣ, ಬಾಕಿ, ವಸೂಲಿಗೆ ಬಂದವರ ಸಹಿಯ ಮೊದಲ ಅಕ್ಷರಗಳು. ಪುಟ ತಿರುವುತ್ತ 1980ರ ಚಳಿಗಾಲಕ್ಕೆ ಬಂದಾಗ ಅವರ ಹೆಬ್ಬೆರಳು ಬಾಕಿಯ ಅಂಕಣದ ಮೇಲೆ ನಿಂತಿತು. ಆ ಪುಟದಲ್ಲಿ ಕೆಂಪು ಶಾಯಿಯಿತ್ತು. ನಾನು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: ಆ ವರ್ಷ ಜನವರಿಯಿಂದ ಏಪ್ರಿಲ್ ಆರಂಭದವರೆಗೆ ಉಕ್ಕು ಕಾರ್ಮಿಕರ ಮುಷ್ಕರ ನಡೆದಿತ್ತು, ಮನೆಯವರು ಉಕ್ಕಿನ ಕಾರ್ಖಾನೆಯಲ್ಲಿದ್ದರು, ಸಂಬಳವಿರಲಿಲ್ಲ. ವಸೂಲಿಯವರು ವಾರ ವಾರವೂ ಬಂದು, ಬಾಕಿಯನ್ನು ಬರೆದು, ಟೋಪಿ ಸರಿಮಾಡಿಕೊಂಡು, ಒಂದು ಮಾತೂ ಆಡದೆ ಹೋಗುತ್ತಿದ್ದರಂತೆ. ಆ ಮೌನವನ್ನೇ ಅವರು ಒಳ್ಳೆಯತನವೆಂದು ಎಣಿಸಿದ್ದರು. ಬಾಡಿಗೆಯನ್ನು ಕಚೇರಿಗೆ ಹೋಗಿ ಕಟ್ಟಬೇಕೆಂದು ಆದ ಮೇಲೆ ತಮ್ಮ ಮನೆಯಲ್ಲಿ ಹಣವಿದೆಯೇ ಇಲ್ಲವೇ ಎಂದು ಮುಖ ನೋಡಿ ತಿಳಿಯುವವರು ಯಾರೂ ಇಲ್ಲವಾದರು ಎಂಬುದು ಅವರ ಅಭಿಪ್ರಾಯ. ಹಾಳಾಯಿತು ಎಂದು ಮೊದಲ ದಿನ ಹೇಳಿದ್ದರ ಒಳಗೆ ಇದಿತ್ತು.

ವಸ್ತು ಇಲ್ಲದಿದ್ದರೆ ದಿನಚರಿ ಕೇಳಿ. ಕೀಲಿಕೈ ಸಿಕ್ಕ ದಿನ ಬಾಗಿಲು ತೆಗೆದಾಗ ಮೊದಲು ಯಾವ ಕೋಣೆಗೆ ಹೋದಿರಿ? ಹಲವರು ಬಚ್ಚಲುಮನೆಯ ಮಾತು ತೆಗೆಯುತ್ತಾರೆ, ಏಕೆಂದರೆ ಹಿಂದಿನ ಮನೆಯಲ್ಲಿ ಶೌಚಾಲಯ ಹಿತ್ತಲಿನಲ್ಲಿತ್ತು, ಸ್ನಾನಕ್ಕೆ ತಗಡಿನ ತೊಟ್ಟಿಯಿತ್ತು. ಒಗೆದ ಬಟ್ಟೆಯನ್ನು ಎಲ್ಲಿ ಒಣಗಿಸುತ್ತಿದ್ದಿರಿ? ಕಸವನ್ನು ಏನು ಮಾಡುತ್ತಿದ್ದಿರಿ? ಪಾರ್ಕ್ ಹಿಲ್‌ನಲ್ಲಿ ಅಡುಗೆಮನೆಯ ಸಿಂಕಿನಿಂದಲೇ ಕಸ ನೀರಿನೊಡನೆ ಕೆಳಗೆ ಹೋಗುವ ಗಾರ್ಚೆ ಎಂಬ ವ್ಯವಸ್ಥೆಯಿತ್ತು. ಅದರ ಬಗ್ಗೆ ಕೇಳಿದರೆ ಮಾತು ನಿಲ್ಲುವುದೇ ಇಲ್ಲ. ಬಾಗಿಲಿಗೆ ಯಾವ ಬಣ್ಣವಿತ್ತು? ಕೌನ್ಸಿಲ್ ಬಳಿದ ಬಣ್ಣವನ್ನು ಬಾಡಿಗೆದಾರರು ಬದಲಾಯಿಸುವಂತಿರದ ಎಸ್ಟೇಟುಗಳಲ್ಲಿ, 1980ರ ನಂತರ ಮನೆ ಕೊಂಡವರು ಮೊದಲು ಮಾಡಿದ ಕೆಲಸವೆಂದರೆ ಬಾಗಿಲಿಗೆ ತಮ್ಮ ಇಷ್ಟದ ಬಣ್ಣ ಹಚ್ಚಿದ್ದು. ಪಕ್ಕದ ಬಾಗಿಲು ಬಣ್ಣ ಬದಲಾಯಿಸಿದ ದಿನ ನಿಮಗೆ ಏನನ್ನಿಸಿತು ಎಂದು, ಕೊಳ್ಳದೆ ಉಳಿದವರನ್ನು ಕೇಳಿ ನೋಡಿ. ಮನೆ ಮಾರಾಟದ ನೀತಿಯ ಬಗ್ಗೆ ಅದಕ್ಕಿಂತ ಸ್ಪಷ್ಟವಾದ ಅಭಿಪ್ರಾಯ ಬೇರೆ ಪ್ರಶ್ನೆಯಿಂದ ಹೊರಡುವುದಿಲ್ಲ.

ಚಳಿ ಮತ್ತು ತೇವದ ವಿಷಯಕ್ಕೆ ಸಮಯ ಮೀಸಲಿಡಿ. ನೆಲದಡಿಯ ವಿದ್ಯುತ್ ತಂತಿಯಿಂದ ಬೆಚ್ಚಗಾಗುವ ಮನೆಗಳು ಎಪ್ಪತ್ತರ ದಶಕದಲ್ಲಿ ಇಂಧನ ದುಬಾರಿಯಾದ ಮೇಲೆ ತಣ್ಣಗಾದವು. ಕಾಂಕ್ರೀಟ್ ಗೋಡೆಯ ಮೇಲೆ ಉಸಿರಿನ ಆವಿಯೇ ನೀರಾಗಿ, ಬೂಷ್ಟು ಹಿಡಿಯಿತು. ಬಟ್ಟೆ ಒಳಗೆ ಒಣಗಿಸುತ್ತೀರಿ, ಕಿಟಕಿ ತೆರೆಯುವುದಿಲ್ಲ, ಅದಕ್ಕೇ ಬೂಷ್ಟು ಎಂದು ಹೇಳಿ, ದೂರು ಕೊಟ್ಟವರ ಮೇಲೆಯೇ ಕೌನ್ಸಿಲ್‌ನವರು ತಪ್ಪು ಹೊರಿಸಿದ ಅನುಭವವನ್ನು ಎಷ್ಟೋ ಎಸ್ಟೇಟಿನವರು ಹೇಳುತ್ತಾರೆ. ಬೂಷ್ಟು ಯಾವ ಗೋಡೆಯಲ್ಲಿ, ಎಷ್ಟು ಎತ್ತರಕ್ಕೆ, ಮಗುವಿನ ಹಾಸಿಗೆ ಎಲ್ಲಿತ್ತು, ಯಾವ ವರ್ಷ ದೂರು ಕೊಟ್ಟಿರಿ, ಯಾರು ಬಂದು ನೋಡಿದರು ಎಂದು ಬಿಡಿಬಿಡಿಯಾಗಿ ಕೇಳಿದರೆ ದೂರು ಹೋಗಿ ಸಾಕ್ಷ್ಯವಾಗುತ್ತದೆ.

ಅಭಿಪ್ರಾಯವನ್ನು ಕೇಳುವ ಹೊತ್ತು ಬಂದಾಗ, ಪ್ರಶ್ನೆಯೊಳಗೆ ಉತ್ತರವನ್ನು ಇಡಬೇಡಿ. ಒಗ್ಗಟ್ಟು ಚೆನ್ನಾಗಿತ್ತಲ್ಲವೇ ಎಂದರೆ ಹೌದು ಎನ್ನುತ್ತಾರೆ. ಹೆದರಿಕೆಯಾಗುತ್ತಿತ್ತೇ ಎಂದರೂ ಹೌದು ಎನ್ನುತ್ತಾರೆ. ಕೌನ್ಸಿಲ್‌ನವರು ಈಗ ಇಲ್ಲಿ ಕೂತಿದ್ದರೆ ಏನು ಹೇಳುತ್ತಿದ್ದಿರಿ, ನಿಮ್ಮ ಮೊಮ್ಮಗಳು ಇಲ್ಲಿಗೆ ಬಂದು ನೆಲೆಸುತ್ತೇನೆಂದರೆ ಏನನ್ನುತ್ತೀರಿ ಎಂಬಂಥ ಪ್ರಶ್ನೆಗಳು ಮೇಲು. ಉತ್ತರ ನಿಂತ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಅಷ್ಟರಲ್ಲಿ ಹತ್ತಕ್ಕೆ ಆರು ಸಲ ಎರಡನೆಯ ಉತ್ತರ ಬರುತ್ತದೆ, ಅದು ಮೊದಲನೆಯದಕ್ಕಿಂತ ನಿಜವಾಗಿರುತ್ತದೆ.

ನೋವಿನ ವಿಷಯದಲ್ಲಿ ಬೇರೆ ನಿಯಮ. 2017ರ ಜೂನ್ 14ರಂದು ಲಂಡನ್ನಿನ ಲ್ಯಾಂಕಾಸ್ಟರ್ ವೆಸ್ಟ್ ಎಸ್ಟೇಟಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಅಲ್ಲಿನ ನಿವಾಸಿಗಳು ಬೆಂಕಿಯ ಅಪಾಯದ ಬಗ್ಗೆ ಮೊದಲೇ ಬರೆದು ಎಚ್ಚರಿಸಿದ್ದರು. ನಿವಾಸಿಯ ಅಭಿಪ್ರಾಯವನ್ನು ಗೊಣಗಾಟವೆಂದು ಬದಿಗಿಟ್ಟರೆ ಏನಾಗಬಹುದೆಂಬುದನ್ನು ಆ ರಾತ್ರಿಯ ನಂತರ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂಥ ಸಂಕಟ ಕಂಡವರ ಬಾಯಿಂದ ಅದನ್ನು ಹೊರಡಿಸುವ ಹಕ್ಕು ನಮಗಿಲ್ಲ. ಅವರಾಗಿ ಆರಂಭಿಸಿದರೆ ಕೇಳಿ, ಅವರು ನಿಲ್ಲಿಸಿದಲ್ಲಿ ನಿಲ್ಲಿಸಿ, ಯಂತ್ರವನ್ನು ಆರಿಸುವ ಗುಂಡಿ ಯಾವುದೆಂದು ಮೊದಲೇ ತೋರಿಸಿಕೊಡಿ, ಮುಗಿದ ತಕ್ಷಣ ಎದ್ದು ಹೊರಡದೆ ಚಹಾ ಮುಗಿಯುವವರೆಗೆ ಬೇರೆ ಮಾತಾಡುತ್ತ ಕೂತಿರಿ.

ನೆನಪು ತಪ್ಪಿದಾಗ

ಒಬ್ಬರು 1961 ಎಂದರೆ ದಾಖಲೆ 1959 ಎನ್ನುತ್ತದೆ. ಒಂದೇ ಜಗಲಿಯ ಇಬ್ಬರಲ್ಲಿ ಒಬ್ಬರಿಗೆ ಅದು ಮಕ್ಕಳು ಕತ್ತಲಾಗುವವರೆಗೆ ಆಡುತ್ತಿದ್ದ ಅಂಗಳ, ಇನ್ನೊಬ್ಬರಿಗೆ ಬಾಗಿಲ ಮುಂದೆ ಸದಾ ಯಾರೋ ಇಣುಕುತ್ತಿದ್ದ ಓಣಿ. ಯಾರನ್ನೂ ತಿದ್ದಬೇಡಿ. ಇಟಲಿಯ ತೆರ್ನಿ ಎಂಬ ಉಕ್ಕಿನ ಊರಿನಲ್ಲಿ 1949ರಲ್ಲಿ ಪ್ರತಿಭಟನೆಯೊಂದರಲ್ಲಿ ಕಾರ್ಮಿಕನೊಬ್ಬ ಪೊಲೀಸರ ಗುಂಡಿಗೆ ಬಲಿಯಾದ. ದಶಕಗಳ ನಂತರ ಅಲ್ಲಿನವರನ್ನು ಮಾತನಾಡಿಸಿದ ಇತಿಹಾಸಕಾರರಿಗೆ, ಹಲವರು ಆ ಸಾವನ್ನು 1953ಕ್ಕೆ, ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದ ವರ್ಷಕ್ಕೆ, ಜೋಡಿಸಿ ಹೇಳುವುದು ಕಂಡಿತು. ಆ ತಪ್ಪೇ ಊರಿನ ಎದೆಯಲ್ಲಿ ಯಾವ ಗಾಯ ದೊಡ್ಡದಾಗಿತ್ತೆಂಬುದನ್ನು ತೋರಿಸಿಕೊಟ್ಟಿತು. ಎಸ್ಟೇಟಿನಲ್ಲೂ ಹಾಗೆಯೇ. ಲಿಫ್ಟ್ ಮೊದಲಿನಿಂದಲೂ ಕೆಟ್ಟಿತ್ತು ಎಂದು ಒಬ್ಬರು ಹೇಳಿ, ಅದು ಮೊದಲ ಹತ್ತು ವರ್ಷ ಚೆನ್ನಾಗಿ ಓಡಿತ್ತೆಂದು ಕಾಗದಪತ್ರ ಹೇಳಿದರೆ, ಅವರು ಮೆಟ್ಟಿಲು ಹತ್ತುವ ಕಷ್ಟ ಎಂದಿನಿಂದ ಶುರುವಾಯಿತೆಂದು ನೋಡಿ. ಟಿಪ್ಪಣಿಯಲ್ಲಿ ಎರಡನ್ನೂ ಬರೆದಿಡಿ, ಯಾವುದು ಎಲ್ಲಿಂದ ಬಂತೆಂಬುದನ್ನೂ ಬರೆಯಿರಿ. ಗುಂಪಿನಲ್ಲಿ ಕೂರಿಸಿ ಕೇಳಿದರೆ ನೆನಪುಗಳು ಬೇಗ ಬರುತ್ತವೆ, ಆದರೆ ಗಟ್ಟಿ ಧ್ವನಿಯವರ ನೆನಪೇ ಎಲ್ಲರದಾಗಿಬಿಡುತ್ತದೆ. ಆದ್ದರಿಂದ ಗುಂಪು ಆಮೇಲೆ, ಒಬ್ಬೊಬ್ಬರು ಮೊದಲು.

ಒಪ್ಪಿಗೆ ಮತ್ತು ಯಂತ್ರ

ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದಕ್ಕೆ ಏರ್ಪಾಡು ಮಾಡಿದವರದು, ಅದರೊಳಗಿನ ಮಾತಿನ ಹಕ್ಕು ಮಾತನಾಡಿದವರದು. ಮಾತಿನ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ಸಹಿಯಾಗಬೇಕು. ಹಾಗಾಗಿ ಒಪ್ಪಿಗೆ ಪತ್ರವಿಲ್ಲದ ಮುದ್ರಣವನ್ನು ಪತ್ರಾಗಾರ ತೆಗೆದುಕೊಳ್ಳಲು ಹಿಂಜರಿಯುತ್ತದೆ. ಆರಂಭಕ್ಕೆ ಮುನ್ನ ಏಕೆ ಮುದ್ರಿಸುತ್ತಿದ್ದೇವೆ, ಎಲ್ಲಿ ಇಡುತ್ತೇವೆ ಎಂದು ಹೇಳಿ. ಮುಗಿದ ಮೇಲೆ, ತಾವು ಏನು ಹೇಳಿದ್ದೇವೆಂದು ಅವರಿಗೆ ಗೊತ್ತಿರುವಾಗ, ಸಹಿ ಕೇಳಿ. ಹೆಸರು ಬೇಡವೆಂದರೆ ಬೇಡ, ಇಂತಿಷ್ಟು ವರ್ಷ ಮುಚ್ಚಿಡಿ ಎಂದರೆ ಮುಚ್ಚಿಡಬೇಕು. ಅವರ ಮಾತಿನಲ್ಲಿ ಬರುವ ನೆರೆಯವರು ಸಹಿ ಮಾಡಿಲ್ಲ ಎಂಬುದನ್ನೂ ಮರೆಯಬೇಡಿ. ಮನೆ ಸಂಖ್ಯೆ, ಕಾಯಿಲೆ, ಜೈಲು ಇಂಥ ವಿವರಗಳನ್ನು ಸಾರ್ವಜನಿಕ ಪ್ರತಿಯಿಂದ ತೆಗೆಯಿರಿ.

ಇದು ಬರಿಯ ಕಾನೂನಿನ ಮಾತಲ್ಲ. ಪಾರ್ಕ್ ಹಿಲ್‌ನ ಸೇತುವೆಯೊಂದರ ಮೇಲೆ ಯುವಕನೊಬ್ಬ ತನ್ನ ಗೆಳತಿಯ ಹೆಸರು ಬರೆದು, ನಿನ್ನನ್ನು ಪ್ರೀತಿಸುತ್ತೇನೆ, ಮದುವೆಯಾಗುವೆಯಾ ಎಂದು ಬರೆದಿದ್ದ. ಕಟ್ಟಡದ ನವೀಕರಣವಾದಾಗ ಆ ಅಕ್ಷರಗಳ ಮೇಲೆ ನಿಯಾನ್ ದೀಪ ಕೂರಿಸಲಾಯಿತು, ಹೆಸರನ್ನು ಮಾತ್ರ ಬಿಟ್ಟು. ಆ ಹೊತ್ತಿಗೆ ಆಕೆ ಕ್ಯಾನ್ಸರಿನಿಂದ ತೀರಿಹೋಗಿದ್ದಳು. ಅವರ ಮದುವೆಯೂ ಆಗಿರಲಿಲ್ಲ. ಇಬ್ಬರ ಬದುಕಿನ ಅತ್ಯಂತ ಖಾಸಗಿ ಮಾತು ಮನೆ ಮಾರಾಟದ ಗುರುತಾಗಿ ಊರೆಲ್ಲ ಬೆಳಗಿತು. ಒಪ್ಪಿಗೆ ಪತ್ರದ ಮುಂದೆ ಬೇಸರ ಬಂದಾಗಲೆಲ್ಲ ನಾನು ಆ ದೀಪವನ್ನು ನೆನೆಯುತ್ತೇನೆ.

ಯಂತ್ರದ ವಿಷಯ ಸರಳ. ಮೊಬೈಲಿನಲ್ಲೂ ಮುದ್ರಿಸಬಹುದು, ಡಿಜಿಟಲ್ ರೆಕಾರ್ಡರ್ ಮತ್ತು ಅಂಗಿಗೆ ಸಿಕ್ಕಿಸುವ ಮೈಕು ಇದ್ದರೆ ಉತ್ತಮ. ಕಡತ ವೇವ್ ರೂಪದಲ್ಲಿರಲಿ, 48 ಕಿಲೋಹರ್ಟ್ಸ್, 24 ಬಿಟ್; ಎಂಪಿ3 ಬೇಡ. ಅಡುಗೆಮನೆಯಲ್ಲಿ ಕೂರಬೇಡಿ, ಫ್ರಿಜ್ಜಿನ ಗುಂಯ್ಗುಡುವಿಕೆ ಎಲ್ಲ ಮಾತಿನ ಕೆಳಗೂ ಸೇರಿಕೊಳ್ಳುತ್ತದೆ. ಆರಂಭದಲ್ಲಿ ದಿನಾಂಕ, ಊರು, ಇಬ್ಬರ ಹೆಸರು ಹೇಳಿ. ಅದೇ ಸಂಜೆ ಮೂರು ಪ್ರತಿ ಮಾಡಿ, ಒಂದನ್ನು ಬೇರೆಯವರ ಮನೆಯಲ್ಲಿಡಿ.

ಬರಹಕ್ಕಿಳಿಸುವಾಗ

ಒಂದು ಗಂಟೆಯ ಮಾತನ್ನು ಬರೆದಿಳಿಸಲು ಆರೇಳು ಗಂಟೆ ಬೇಕು. ಅಷ್ಟು ಬಿಡುವಿಲ್ಲದಿದ್ದರೆ ಐದೈದು ನಿಮಿಷಕ್ಕೊಂದು ಸಾರಾಂಶ ಬರೆದು ಸಮಯ ಗುರುತಿಸಿದರೂ ಆಗುತ್ತದೆ. ಬರೆಯುವಾಗ ಆಡುಮಾತನ್ನು ತೊಳೆದು ಬಿಳಿ ಮಾಡಬೇಡಿ. ಶೆಫೀಲ್ಡಿನ ಹಳಬರು ಎರಡು ಮನೆಗಳ ನಡುವಿನ ಸಂದಿಗೆ ಜೆನಲ್ ಎನ್ನುತ್ತಾರೆ, ಚಳಿ ತಾಳದವರನ್ನು ನೆಶ್ ಎನ್ನುತ್ತಾರೆ. ತಣ್ಣನೆಯ ಫ್ಲಾಟಿನ ಬಗ್ಗೆ ದೂರು ಕೊಡದೆ ಇಪ್ಪತ್ತು ವರ್ಷ ಕಳೆದವರೊಬ್ಬರು, ನೆಶ್ ಎನ್ನಿಸಿಕೊಳ್ಳಲು ಇಷ್ಟವಿರಲಿಲ್ಲ ಎಂದಾಗ, ಆ ಪದವನ್ನು ತೆಗೆದರೆ ವಾಕ್ಯದ ಜೀವವೇ ಹೋಗುತ್ತದೆ. ಅದನ್ನು ಕನ್ನಡಕ್ಕೆ ತರುವವರು ಯಾರ್ಕ್‌ಷೈರಿನ ಅಜ್ಜಿಯ ಬಾಯಲ್ಲಿ ಧಾರವಾಡದ ಕನ್ನಡ ಹಾಕುವ ಆಸೆಯನ್ನೂ ತಡೆಯಬೇಕು. ಸರಳ ಕನ್ನಡದಲ್ಲಿ ಬರೆದು ಅಂಥ ಒಂದೆರಡು ಪದಗಳನ್ನು ಹಾಗೆಯೇ ಉಳಿಸಿಕೊಂಡರೆ ಸಾಕು.

ಎಸ್ಟೇಟನ್ನು ಕೆಡವುವ ಮಾತು ನಡೆದಿದ್ದರೆ ಎಲ್ಲವನ್ನೂ ಬೇಗ ಮಾಡಬೇಕಾಗುತ್ತದೆ. ಲಂಡನ್ನಿನಲ್ಲಿ 2018ರಿಂದ, ಮೇಯರ್ ಕಚೇರಿಯ ಹಣ ಪಡೆದು ಮನೆಗಳನ್ನು ಕೆಡವಿ ಕಟ್ಟುವ ದೊಡ್ಡ ಯೋಜನೆಗಳಿಗೆ ನಿವಾಸಿಗಳ ಮತದಾನ ಬೇಕೆಂಬ ನಿಯಮವಿದೆ. ಮತಪತ್ರದಲ್ಲಿ ಹೌದು, ಇಲ್ಲ ಎಂಬ ಎರಡೇ ಉತ್ತರಕ್ಕೆ ಜಾಗ. ಹೌದು ಎಂದವರು ತೇವದ ಗೋಡೆಗೆ ಬೇಸತ್ತು ಹಾಗೆಂದರೋ, ನೆರೆಯವರೆಲ್ಲ ಹೋದ ಮೇಲೆ ತಾವು ಉಳಿದೇನು ಫಲ ಎಂದು ಹಾಗೆಂದರೋ ಎಂಬುದು ಅಲ್ಲಿ ಬರುವುದಿಲ್ಲ. ಜನ ಚದುರಿದ ಮೇಲೆ ವಿಳಾಸ ಸಿಗುವುದಿಲ್ಲ. ಆದ್ದರಿಂದ ಮತದಾನಕ್ಕೆ ಮುಂಚೆ ಒಮ್ಮೆ, ಮನೆ ಖಾಲಿ ಮಾಡುವ ವಾರ ಇನ್ನೊಮ್ಮೆ ಮಾತನಾಡಿಸಿ. ಆದರೆ ಯಾವ ಪಕ್ಷಕ್ಕೂ ನಿಮ್ಮ ಮುದ್ರಣವನ್ನು ಪ್ರಚಾರಕ್ಕೆ ಕೊಡಬೇಡಿ.

ಕೊನೆಯ ಕೆಲಸ ಪ್ರತಿಯನ್ನು ಹಿಂದಿರುಗಿಸುವುದು. ಅಂಚೆಯಲ್ಲೋ ಮೇಲ್‌ನಲ್ಲೋ ಕಳಿಸಬೇಡಿ, ಕೈಯಾರೆ ಕೊಂಡೊಯ್ಯಿರಿ. ಬರಹವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ, ಮುದ್ರಣವನ್ನು ಅವರ ಮನೆಯ ಯಂತ್ರದಲ್ಲಿ ಕೇಳುವಂತೆ ಮಾಡಿಕೊಟ್ಟು, ತಿದ್ದಬೇಕಾದದ್ದು ಇದ್ದರೆ ಗುರುತು ಹಾಕಿ ಎಂದು ಪೆನ್ಸಿಲ್ ಕೊಟ್ಟು ಬನ್ನಿ. ಆ ದಿನ ರೆಕಾರ್ಡರನ್ನೂ ಚಾರ್ಜ್ ಮಾಡಿ ಚೀಲದಲ್ಲಿಟ್ಟುಕೊಂಡಿರಿ. ತಮ್ಮ ಮಾತನ್ನು ತಾವೇ ಓದಿದ ಮೇಲೆ, ಇದೊಂದನ್ನು ಹೇಳಿರಲಿಲ್ಲ ಎನ್ನುತ್ತ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟು ಫೋಟೋಗಳನ್ನು ಒಂದೊಂದಾಗಿ ಹೊರತೆಗೆಯುವವರು ಬಹಳ ಜನ.